ಪಟ್ಟಿಯ ಹದಿನೇಳನೆಯ ಸಾಲು

ಇಂದು ಮಾಡಿದ ಕೆಲಸಗಳು: ಬೆಳಿಗ್ಗೆ ರೋಣದ ಮನೆಯಲ್ಲಿ ನೀರು ತುಂಬಿದೆ. ಯಜಮಾನರಿಗೆ ಎರಡು ಹೊತ್ತಿಗಾಗುವಷ್ಟು ಅನ್ನ, ಸಾರು ಮಾಡಿ ಮುಚ್ಚಿಟ್ಟೆ. ಹತ್ತು ಗಂಟೆಯ ಬಸ್ಸಿಗೆ ಗಜೇಂದ್ರಗಡಕ್ಕೆ ಬಂದೆ. ಶಾಂತವ್ವನ ಬಾಗಿಲ ಹೊರಗೆ ನಿಂತು ಕರೆದೆ, ಅವಳು ಒಳಗಿನಿಂದ ಚಿಲಕ ತೆಗೆಯುವ ತನಕ ಕಾದೆ. ಹೆಸರುಕಾಳಿನಲ್ಲಿ ಹರಳು ಆರಿಸಿದೆ. ಅವಳು ಕೇಳಿದ್ದಕ್ಕೆ ಒಂಬತ್ತು ಸೂಜಿಗಳಿಗೆ ದಾರ ಪೋಣಿಸಿಟ್ಟೆ. ಒಣಗಿದ ಬಟ್ಟೆ ತೆಗೆದು ಮಡಚಿದೆ. ರೊಟ್ಟಿ ಬಡಿಯಲಿಲ್ಲ. ಗೋಡೆಯಾಚೆಯ ಜೈಬುನ್ನಿಯವರ ಮನೆಯಿಂದ ಆರು ರೊಟ್ಟಿ ಕೊಂಡು ತಂದೆವು.

ರೊಟ್ಟಿಯ ಆ ಮಾತಿಗಾಗಿಯೇ ಉಳಿದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ರೋಣದಲ್ಲಿ ಅಂಗವಿಕಲ ಹೆಣ್ಣುಮಕ್ಕಳ ವಸತಿ ಸಂಸ್ಥೆಯೊಂದರಲ್ಲಿ ಇಪ್ಪತ್ತೇಳು ವರ್ಷ ಮೇಲ್ವಿಚಾರಕಿಯಾಗಿದ್ದೆ. ಹೋದ ವರ್ಷ ಬಿಟ್ಟೆ. ನನ್ನ ಜಾಗಕ್ಕೆ ಬಂದಿರುವ ರೇಖಾ ಎಂಬ ಹುಡುಗಿ ಮೊನ್ನೆ ಫೋನು ಮಾಡಿದ್ದಳು. "ಅಕ್ಕಾರ, ನಿಮ್ಮ ಅನುಭವ ಒಂದೀಟು ಬರದು ಕೊಡ್ರಿ. ನಮ್ಮಂಥ ಹೊಸಬರಿಗೆ ದಾರಿ ತಿಳೀತೈತಿ." ಅವಳು ಕೇಳಿದ್ದು ಒಳ್ಳೆಯ ಅನುಭವಗಳನ್ನು. ಅವೂ ಇವೆ. ಬೀಳ್ಕೊಡುಗೆಯ ದಿನ ಕೊಟ್ಟ ಕಟ್ಟು ಹಾಕಿಸಿದ ಕಾಗದದಲ್ಲಿ ಅವೆಲ್ಲ ಬಂದಿವೆ, ಗೋಡೆಯ ಮೇಲೆ ತೂಗುತ್ತಿವೆ. ಅಲ್ಲಿ ಬರದೇ ಇರುವುದನ್ನು ಇಲ್ಲಿ ಬರೆಯುತ್ತೇನೆ ರೇಖಾ. ಓದಿ ನಿನಗೆ ನನ್ನ ಮೇಲಿನ ಗೌರವ ಕಡಿಮೆಯಾದರೆ ಆಗಲಿ.

ನಮ್ಮ ಸಂಸ್ಥೆಯಲ್ಲಿ ಯಾರೂ ಉಪವಾಸ ಬಿದ್ದವರಿಲ್ಲ. ಅದನ್ನು ನಾನು ಎದೆ ತಟ್ಟಿ ಹೇಳುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಗಂಟೆ, ಏಳಕ್ಕೆ ಚಹಾದ ಗಂಟೆ, ಹನ್ನೆರಡೂವರೆಗೆ ಊಟದ ಗಂಟೆ, ರಾತ್ರಿ ಎಂಟಕ್ಕೆ ಮಲಗುವ ಗಂಟೆ. ಹೊಡೆಯುತ್ತಿದ್ದವಳು ನಾನು. ಚಹಾಕ್ಕೆ ಸಕ್ಕರೆ ಮೊದಲೇ ಕಲಸಿರುತ್ತಿತ್ತು. ಒಬ್ಬರಿಗೆ ಕಡಿಮೆ, ಒಬ್ಬರಿಗೆ ಹೆಚ್ಚು ಎಂಬುದಿರಲಿಲ್ಲ. ಬಚ್ಚಲಿನ ಬಾಗಿಲಿಗೆ ಒಳಗಡೆ ಚಿಲಕ ಇರಲಿಲ್ಲ. ಯಾರಾದರೂ ಜಾರಿ ಬಿದ್ದರೆ ಎಂದು ನಾನೇ ತೆಗೆಸಿದ್ದೆ. ಸೀರೆಗಳೆಲ್ಲ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಒಗೆದು ಬಂದದ್ದರಲ್ಲಿ ಕೈಗೆ ಸಿಕ್ಕಿದ್ದನ್ನು ಹಂಚುತ್ತಿದ್ದೆ. ಮೂವತ್ತು ಜನರ ಸಂಸಾರ ಹೀಗಲ್ಲದೆ ನಡೆಯುವುದಿಲ್ಲ ಎಂದೇ ನಂಬಿದ್ದೆ.

ಅಂಥದರಲ್ಲಿ ಮೇಲಿನಿಂದ ಒಂದು ಆದೇಶ ಬಂತು. ಹೊರಗೆ ಬದುಕಬಲ್ಲವರನ್ನು ಒಳಗೆ ಇಟ್ಟುಕೊಳ್ಳಬಾರದು, ಬಾಡಿಗೆ ಕೋಣೆ ಹುಡುಕಿ ಕೊಡಬೇಕು, ಅವರಿಗೆ ಪಿಂಚಣಿ ಇರುತ್ತದೆ, ನಮ್ಮವರೊಬ್ಬರು ಹೋಗಿ ನೋಡಿಕೊಂಡು ಬರಬೇಕು. ನಮ್ಮ ಕಾರ್ಯದರ್ಶಿಗಳನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಅವರು ಆ ಕಾಗದವನ್ನು ನನ್ನ ಕಡೆ ಸರಿಸಿದರು. "ಇದು ಹೆಣ್ಣುಮಕ್ಕಳ ಸಂಸಾರದ ವಿಷಯ. ನೀವ ನೋಡ್ಕೊಳ್ರಿ."

ಮೊದಲು ಕಳಿಸಿದ್ದು ನರಗುಂದದ ಯಲ್ಲವ್ವನನ್ನು. ಪೋಲಿಯೋ ಆಗಿ ಎರಡೂ ಕಾಲು ಹೋಗಿದ್ದವು, ಕೈಯೂರಿಕೊಂಡು ಸರಿಯುತ್ತಿದ್ದಳು. ನರಗುಂದದಲ್ಲಿ ನೆಲಮಟ್ಟದ ಒಂದು ಕೋಣೆ ಸಿಕ್ಕಿತು. ಪಾತ್ರೆ, ಸ್ಟೋವು, ಅಕ್ಕಿ, ಬೇಳೆ ಎಲ್ಲ ಜೋಡಿಸಿಟ್ಟು ಬಂದೆ. ಮೂರನೆಯ ದಿನ ಹೋದಾಗ ಮಧ್ಯಾಹ್ನ ನಾಲ್ಕು ಗಂಟೆಯಾಗಿತ್ತು. ಅನ್ನ ಮಾಡಿ, ಸಾರು ಮಾಡಿ, ತಾಟು ತೊಳೆದು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಯಾಕ ಯಲ್ಲವ್ವಾ, ಇನ್ನೂ ಉಂಡಿಲ್ಲ?"

"ಗಂಟಿ ಆಗಲಿಲ್ಲಲ್ರಿ ಅಕ್ಕಾರ."

ನಾನು ನಕ್ಕುಬಿಟ್ಟೆ. ರೋಣಕ್ಕೆ ಬಂದು ಆಫೀಸಿನಲ್ಲಿ ಹೇಳಿದೆ, ಅಲ್ಲಿಯೂ ಎಲ್ಲರೂ ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. "ತಯಾರಿ ಇಲ್ಲದ ಹೊರಗ ಬಿಟ್ರ ಹಿಂಗ ಆಗೂದ. ನಾಳೆ ಏನರ ಆದ್ರ ನನ್ನ ಕುತ್ತಿಗಿಗೆ ಬರ್ತೈತಿ." ವಾರ ತುಂಬುವ ಮೊದಲೇ ಜೀಪು ತೆಗೆದುಕೊಂಡು ಹೋಗಿ ಅವಳನ್ನು ವಾಪಸು ಕರೆತಂದೆ. ಹತ್ತುವಾಗ ಅವಳು ನನ್ನ ಸೆರಗು ಹಿಡಿದು ಕೇಳಿದಳು, "ಇನ್ನೊಂದ್ ವಾರ ನೋಡೂಣೇನ್ರಿ? ಕಲೀತೀನ್ರಿ." ನಾನು ಚೀಲ ಎತ್ತಿ ಜೀಪಿನಲ್ಲಿಟ್ಟೆ. ಹನ್ನೊಂದು ವರ್ಷ ಅವಳ ಹಸಿವಿಗೆ ಗಂಟೆ ಹೊಡೆದವಳು ನಾನೇ ಎಂಬುದು ಆ ದಾರಿಯಲ್ಲಿ ಒಂದು ಸಲವೂ ಹೊಳೆಯಲಿಲ್ಲ. ತಪ್ಪು ಅವಳದು, ಅವಳನ್ನು ಸರಿಯಾಗಿ ಪರೀಕ್ಷಿಸದೆ ಕಳಿಸಿದ್ದು ಮಾತ್ರ ನನ್ನದು ಎಂದುಕೊಂಡೆ.

ಆ ಭಯದಿಂದ ಹುಟ್ಟಿದ್ದು ಪಟ್ಟಿ. ಒಂದು ಭಾನುವಾರ ಕೂತು ರೂಲು ಹಾಕಿ ಬರೆದೆ. ಹೊರಗೆ ಹೋಗುವವಳಿಗೆ ಬರಬೇಕಾದ ಇಪ್ಪತ್ತೆರಡು ಕೆಲಸಗಳು. ಒಂದೊಂದರ ಮುಂದೆ ಹೌದು, ಇಲ್ಲ ಎಂದು ಎರಡು ಚೌಕ. ಎಲ್ಲ ಹೌದು ಆದರೆ ಮಾತ್ರ ಕೋಣೆ. ಹದಿನೇಳನೆಯ ಸಾಲು ಇದು: "ರೊಟ್ಟಿ ಬಡಿಯುವುದು. ಎರಡು ರೊಟ್ಟಿ, ಹರಿಯದಂತೆ, ತನ್ನ ಕೈಯಿಂದಲೇ." ನಮ್ಮ ಕಡೆ ಹೆಣ್ಣುಮಗಳೊಬ್ಬಳಿಗೆ ಸಂಸಾರ ಬರುತ್ತದೋ ಇಲ್ಲವೋ ಎಂದು ನೋಡುವುದು ರೊಟ್ಟಿಯಿಂದಲೇ. ನಮ್ಮತ್ತೆ ನನ್ನನ್ನು ನೋಡಿದ್ದೂ ಹಾಗೆಯೇ. ಸಾಹೇಬರಿಗೆ ಪಟ್ಟಿ ಬಹಳ ಹಿಡಿಸಿತು. ಟೈಪು ಮಾಡಿಸಿ, ಝೆರಾಕ್ಸ್ ತೆಗೆಸಿ, ಕೆಳಗೆ "ತಯಾರಿಸಿದವರು" ಎಂದು ನನ್ನ ಹೆಸರು ಹಾಕಿಸಿದರು. ಆ ಕಾಗದ ನೋಡಿ ಹಿಗ್ಗಿದ್ದೆ.

ಶಾಂತವ್ವ ಸವಡಿಯವಳು. ಚಿಕ್ಕಂದಿನಲ್ಲಿ ಜ್ವರ ಬಂದು ಎಡಗೈ, ಎಡಗಾಲು ಸೋತಿದ್ದವು. ಕೈ ಮಡಚಿಕೊಂಡೇ ಇರುತ್ತದೆ, ಬೆರಳು ಬಿಚ್ಚುವುದಿಲ್ಲ. ಒಂಬತ್ತು ವರ್ಷದವಳಿದ್ದಾಗ ಅವಳ ಅವ್ವ ನೀಲವ್ವ ತಂದು ಬಿಟ್ಟಿದ್ದಳು. ಗಂಡ ಸತ್ತ ಮೇಲೆ ನೀಲವ್ವ ಅಣ್ಣನ ಮನೆಯಲ್ಲಿದ್ದು ಕೂಲಿಗೆ ಹೋಗುತ್ತಿದ್ದಳು. ಆ ಮನೆಯಲ್ಲಿ ತನ್ನೊಬ್ಬಳಿಗೇ ಜಾಗ ಸಾಲದು, ಮಗಳನ್ನು ಎಲ್ಲಿಡುವುದು? ಅಮಾವಾಸ್ಯೆಯ ದಿನ ಹೊಲದಲ್ಲಿ ಗಳೆ ಹೂಡುವುದಿಲ್ಲ, ಕೂಲಿ ಇರುವುದಿಲ್ಲ. ಆದ್ದರಿಂದ ಪ್ರತಿ ಅಮಾವಾಸ್ಯೆಗೆ ಬಸ್ಸು ಹತ್ತಿ ಬರುತ್ತಿದ್ದಳು. ಗುರೆಳ್ಳು ಚಟ್ನಿ, ಒಮ್ಮೊಮ್ಮೆ ಶೇಂಗಾ ಹೋಳಿಗೆ. ಬಂದವರು ಪಡಸಾಲೆಯ ಬೆಂಚಿನ ಮೇಲೆ ಕೂಡಬೇಕು, ಐದಕ್ಕೆ ಎದ್ದು ಹೋಗಬೇಕು. ಅದೂ ನನ್ನ ನಿಯಮವೇ.

ಶಾಂತವ್ವ ಒಂದೇ ಕೈಯಿಂದ ಸೀರೆಗೆ ಫಾಲ್ ಹಚ್ಚುವುದನ್ನು ಕಲಿತಿದ್ದಳು. ಬಟ್ಟೆಯನ್ನು ಮೊಣಕಾಲಿನಡಿ ಒತ್ತಿ ಹಿಡಿದು ಬಲಗೈಯಿಂದ ಹೊಲಿಯುತ್ತಾಳೆ, ಹೊಲಿಗೆ ನೂಲಿನಷ್ಟು ನೇರ. ನೇಕಾರರ ಊರು ಗಜೇಂದ್ರಗಡದ ಸೀರೆ ಅಂಗಡಿಯವರು ಕೆಲಸ ಕೊಡುತ್ತೇವೆ ಎಂದಿದ್ದರು. ಕೋಣೆಯೊಂದೇ ಬೇಕಿತ್ತು. ಕೋಣೆ ಬೇಕೆಂದರೆ ಪಟ್ಟಿ.

ಮೊದಲ ಪರೀಕ್ಷೆಯಲ್ಲಿ ಇಪ್ಪತ್ತೊಂದು ಹೌದು, ಒಂದು ಇಲ್ಲ. ಒಂದು ಕೈಯಲ್ಲಿ ಬಡಿದ ರೊಟ್ಟಿ ಮಣೆಯಿಂದ ಏಳುವಾಗ ಹರಿಯಿತು. ನಾನೇ ಧೈರ್ಯ ಹೇಳಿದೆ. "ಆರು ತಿಂಗಳು ರೂಢಿ ಮಾಡವಾ, ಬರ್ತೈತಿ."

ಆ ಅಮಾವಾಸ್ಯೆಗೆ ನೀಲವ್ವ ಒಂದು ಕೌದಿ ಹೊತ್ತು ತಂದಳು. ತನ್ನ ಹಳೆಯ ಸೀರೆಗಳನ್ನೆಲ್ಲ ಕತ್ತರಿಸಿ ಹೊಲಿದದ್ದು.

"ಇದೇನು ನೀಲವ್ವಾ, ಇಲ್ಲಿ ಕಂಬಳಿ ಕೊಡಾಂಗಿಲ್ಲೇನು?"

"ಇಲ್ಲಿಗಲ್ರಿ ಅಕ್ಕಾರ. ನನ್ನ ಮಗಳ ಮನಿಗಿ. ಆಕಿ ಮನಿ ಮಾಡಿದ್ ಮ್ಯಾಲ ನಾ ಒಂದ್ ವಸ್ತಿ ಬರ್ತೀನಲ್ರಿ, ಹಾಸ್ಕೊಳ್ಳಾಕ ಬೇಕಲ್ಲ." ಬಾಯಿಗೆ ಸೆರಗು ಹಿಡಿದು ನಕ್ಕಳು. "ಹಡದಾಕಿ ಆಗಿ ಆಕಿ ಬಾಜೂಕ ಮಲಗಿ ಇಪ್ಪತ್ತ್ ವರ್ಷ ಆತ್ರಿ. ಒಂದ್ ರಾತ್ರಿ, ಸಾಕು."

ಕೌದಿಗೆ ಚೀಟಿ ಅಂಟಿಸಿ ಉಗ್ರಾಣದಲ್ಲಿಟ್ಟೆ.

ಎರಡನೆಯ ಪರೀಕ್ಷೆಗೆ ಶಾಂತವ್ವ ಒಂದು ಉಪಾಯ ಮಾಡಿಕೊಂಡಿದ್ದಳು. ಹಿಟ್ಟಿನ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಮೇಲೆ ತಾಟು ಬೋರಲು ಹಾಕಿ, ಬಲ ಮೊಣಕೈಯಿಂದ ಒತ್ತಿದಳು. ಗುಂಡಗೆ ಬಂತು. ಹಂಚಿನ ಮೇಲೆ ಉಬ್ಬಿತು. ನಮ್ಮ ಅಡುಗೆಯವಳು "ಯವ್ವಾ, ನನ್ನ ಕೆಲಸಕ್ಕ ಕುತ್ತು ತಂದ್ಯಲ್ಲ" ಎಂದು ನಕ್ಕಳು. ನಾನು ಆ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ತಿಂದೆ. ತಿಂದು ಕೈ ತೊಳೆದು, ಪಟ್ಟಿ ತೆಗೆದು, ಹದಿನೇಳನೆಯ ಸಾಲಿನಲ್ಲಿ "ಇಲ್ಲ" ಎಂದು ಗುರುತು ಹಾಕಿದೆ.

"ಯಾಕ್ರಿ ಅಕ್ಕಾರ?"

"ಒತ್ತಿದ್ದು ಶಾಂತಾ, ಬಡದಿದ್ದಲ್ಲ. ಪಟ್ಟಿಯೊಳಗ ಬಡಿಯೂದು ಅಂತ ಐತಿ."

ಆ ದಿನ ಸಾಹೇಬರು ಊರಲ್ಲಿರಲಿಲ್ಲ. ಯಾರೂ ನನಗೆ ಒತ್ತಾಯ ಮಾಡಿರಲಿಲ್ಲ. ಯಲ್ಲವ್ವನ ಹಾಗೆ ಇವಳೂ ವಾಪಸು ಬಂದರೆ ಜನ ನನ್ನನ್ನು ನೋಡಿ ನಗುತ್ತಾರೆ ಎಂಬ ಹೆದರಿಕೆ ಇತ್ತು, ಅಷ್ಟೇ. ಪಟ್ಟಿ ಬರೆದವಳೇ ನಾನು, ಒಂದು ಪದ ತಿದ್ದಲು ನನಗೆ ಪೆನ್ನು ಸಾಕಿತ್ತು.

ಮೂರನೆಯ ಪರೀಕ್ಷೆಯ ಹೊತ್ತಿಗೆ ನನಗೆ ಮಣಿಕಟ್ಟಿನ ನೋವು ಶುರುವಾಗಿತ್ತು. ದವಾಖಾನೆಯಲ್ಲಿ ರೊಟ್ಟಿ ಬಡಿಯಬೇಡಿ ಎಂದಿದ್ದರು. ಪಕ್ಕದ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಮನೆಯಿಂದ ದಿನಾ ತರುತ್ತಿದ್ದೆ. ಒಂದು ಸಂಜೆ ಮನೆಗೆ ಹೊರಟಾಗ ನನ್ನ ಚೀಲದಿಂದ ರೊಟ್ಟಿಯ ಗಂಟು ಇಣುಕುತ್ತಿತ್ತು. ಶಾಂತವ್ವ ಮೆಟ್ಟಿಲ ಮೇಲೆ ಕೂತಿದ್ದಳು.

"ಅಕ್ಕಾರ, ನಿಮ್ಮ ಮನ್ಯಾಗ ರೊಟ್ಟಿ ಯಾರು ಬಡೀತಾರ್ರಿ?"

"ಈಗೀಗ ತರಸ್ತೀನವಾ. ನನಗ ಬರ್ತೈತಿ, ಮಾಡೂದಿಲ್ಲ ಅಷ್ಟ."

"ನನಗ ಬರೂದಿಲ್ಲ, ಮಾಡೂದೂ ಇಲ್ಲ. ತಿನ್ನೂ ಮುಂದ ಏನ್ ಫರಕ್ ಆಗ್ತೈತ್ರಿ?"

"ಭಾಳ ಮಾತಾಡ್ತಿ ನೀ" ಎಂದು ಗದರಿಸಿ ಬಂದೆ. ಆ ವಾರ ಪರೀಕ್ಷೆಯಲ್ಲಿ ಮತ್ತೆ "ಇಲ್ಲ" ಹಾಕುವಾಗ ಸ್ವಲ್ಪ ಸಿಟ್ಟೂ ಸೇರಿತ್ತು.

ಮುಂದಿನ ಅಮಾವಾಸ್ಯೆಗೆ ನೀಲವ್ವ ಆಫೀಸಿನ ಬಾಗಿಲಿಗೇ ಬಂದಳು. ಯಾವತ್ತೂ ಹಾಗೆ ಬಂದವಳಲ್ಲ. ಚಪ್ಪಲಿ ದೂರ ಬಿಟ್ಟು ನಿಂತಳು. "ಅಕ್ಕಾರ, ನಾನ ಅಮಾಸಿಗೊಮ್ಮಿ, ಹುಣ್ಣಿವಿಗೊಮ್ಮಿ ಬಂದು ಕಟಕ ರೊಟ್ಟಿ ಬಡದು ಇಟ್ಟು ಹೊಕ್ಕೀನ್ರಿ. ಹದಿನೈದು ದಿನ ಏನೂ ಆಗಾಂಗಿಲ್ರಿ ಅವಕ್ಕ. ಅಷ್ಟ ಆದ್ರ ಸಾಕಲ್ರಿ?"

"ತನ್ನ ಕೈಯಿಂದ ಆಗಬೇಕು ನೀಲವ್ವಾ. ನಾಳೆ ನೀ ಇಲ್ಲಂದ್ರ?"

"ಹೌದ್ರಿ. ನೀವು ಕಲಿತವ್ರು. ನೀವು ಹೇಳೂದು ಖರೇ ಇರಬೇಕು." ಹೋಗಿ ಮಗಳಿಗೂ ಅದನ್ನೇ ಹೇಳಿದಳು: ಅಕ್ಕಾರು ನಿನ್ನ ಚಲೋದಕ್ಕ ಹೇಳ್ತಾರ, ಇನ್ನೊಂದೀಟು ರೂಢಿ ಮಾಡು. ರೇಖಾ, ಜಗಳ ಮಾಡುವವರಿಗೆ ನೀನು ಹೆದರಬೇಡ. ನೀನು ಹೇಳಿದ್ದನ್ನು ಹಾಗೇ ನಂಬಿ ತಿರುಗಿ ಹೋಗುವವರಿಗೆ ಹೆದರು.

ಆ ಚಳಿಗಾಲ ನೀಲವ್ವನಿಗೆ ಉಸಿರಿನ ತೊಂದರೆ ಬಂತು. ಎರಡು ಅಮಾವಾಸ್ಯೆ ಬರಲಿಲ್ಲ. ಮೂರನೆಯದಕ್ಕೆ ಮೊದಲು, ನೀಲವ್ವ ತೀರಿಕೊಂಡಳೆಂದು ಸವಡಿಯಿಂದ ಖಬರು ಬಂತು. ನಾನು ಶಾಂತವ್ವನನ್ನು ಆಯಾ ಒಬ್ಬಳ ಜೊತೆ ಮಾಡಿ ಮಣ್ಣಿಗೆ ಕಳಿಸಿದೆ. ಸಂಜೆಯೊಳಗೆ ಕರೆದುಕೊಂಡು ಬಾ ಎಂದು ಆಯಾಳಿಗೆ ಎರಡು ಸಲ ಹೇಳಿದೆ. ಆರು ಗಂಟೆಗೆ ಬಂದರು. ಎಂಟಕ್ಕೆ ಗಂಟೆ ಹೊಡೆದೆ.

ಇದಾಗಿ ಎರಡು ತಿಂಗಳಿಗೆ ಧಾರವಾಡದ ಕಡೆಯಿಂದ ನಮಗೆ ತರಬೇತಿ ಕೊಡಲು ಒಬ್ಬ ಮೇಡಂ ಬಂದರು. ಗಾಲಿಕುರ್ಚಿಯಲ್ಲೇ ಓಡಾಡುವವರು, ಒಂಟಿಯಾಗಿ ಮನೆ ಮಾಡಿಕೊಂಡಿರುವವರು. ನನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ನಮಗೆಲ್ಲ ಒಂದೊಂದು ಪ್ರತಿ ಕೊಟ್ಟು, ನಿಮ್ಮ ನಿಮ್ಮ ಗುರುತು ಹಾಕಿರಿ ಎಂದರು.

ಸಾಹೇಬರು ಹದಿನೇಳಕ್ಕೆ ಬಂದು ನಿಂತರು. "ಗಂಡಸು ನಾನು. ನಾ ಯಾಕ ರೊಟ್ಟಿ ಬಡೀಲ್ರಿ?"

"ಬರೂದಿಲ್ಲಲ್ರಿ? ಹಂಗಾದ್ರ ನಿಮ್ಮನ್ನ ಯಾವ ಸಂಸ್ಥಾದಾಗ ಇಡೂಣ್ರಿ?"

ಕೋಣೆಯೆಲ್ಲ ನಕ್ಕಿತು, ಸಾಹೇಬರೂ ನಕ್ಕರು. ನನ್ನ ಪ್ರತಿಯಲ್ಲಿ ಗ್ಯಾಸು ಸಿಲಿಂಡರು ಬದಲಿಸುವುದಕ್ಕೆ "ಇಲ್ಲ" ಹಾಕಿದೆ, ಬ್ಯಾಂಕಿನ ಅರ್ಜಿ ತುಂಬುವುದಕ್ಕೂ "ಇಲ್ಲ". ಅವೆರಡೂ ನಮ್ಮ ಮನೆಯಲ್ಲಿ ಯಜಮಾನರ ಕೆಲಸ. ಹದಿನೇಳಕ್ಕೆ ಬಂದೆ. ಚಹಾದ ತಾಟು ಹಿಡಿದು ಶಾಂತವ್ವ ಬಾಗಿಲಲ್ಲಿ ನಿಂತಿದ್ದಳು, ನನ್ನ ಪೆನ್ನಿನ ಕಡೆಗೇ ನೋಡುತ್ತಿದ್ದಳು. ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡ ಕೈಯಿಂದಲೇ ನಾನು "ಹೌದು" ಎಂದು ಗುರುತು ಹಾಕಿದೆ. ಅವಳು ನೋಡಿದಳು. ಚಹಾ ಇಟ್ಟು ಹೋದಳು.

ಆ ಮೇಲೆ ಪದ್ಧತಿ ಬದಲಾಯಿತು. ಏನು ಬರುವುದಿಲ್ಲ ಎಂದು ಹುಡುಕುವುದು ಹೋಗಿ, ಯಾವುದಕ್ಕೆ ಯಾರ ನೆರವು ಬೇಕು ಎಂದು ಅವರನ್ನೇ ಕೇಳಿ ಬರೆಯುವುದು ಬಂತು. ಶಾಂತವ್ವನನ್ನು ಕೇಳಿದಾಗ ಅವಳು ಹೇಳಿದ್ದು ಎರಡೇ: "ಸೂಜಿಗೆ ದಾರ ಪೋಣಿಸಾಕ ಒಬ್ರು. ರೊಟ್ಟಿ ಮಾರೋ ಮನಿ ಹತ್ರ ಇರಬೇಕು." ಮುಂದಿನ ತಿಂಗಳೇ ಗಜೇಂದ್ರಗಡದಲ್ಲಿ ಈ ಕೋಣೆ ಸಿಕ್ಕಿತು. ಮನೆಯೊಡತಿ ಜೈಬುನ್ನಿ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವರು. ಬೆಳಿಗ್ಗೆಯಿಂದ ಗೋಡೆಯಾಚೆ ಅದೇ ಸಪ್ಪಳ. ಇಷ್ಟೇ ಸಾಕಿತ್ತು. ಮೊದಲ ಪರೀಕ್ಷೆಯ ದಿನವೂ ಈ ಗೋಡೆ, ಈ ಸಪ್ಪಳ ಇಲ್ಲಿಯೇ ಇದ್ದವು.

ಯಲ್ಲವ್ವನನ್ನೂ ಹೊಸ ಪದ್ಧತಿಯಲ್ಲಿ ಕೇಳಿದೆ. "ಈಗ ಬ್ಯಾಡ್ರಿ ಅಕ್ಕಾರ, ಆವಾಗ ಮನಸಿತ್ತು" ಎಂದಳು. ಅವಳು ಇನ್ನೂ ಸಂಸ್ಥೆಯಲ್ಲೇ ಇದ್ದಾಳೆ. ರೇಖಾ, ಅವಳನ್ನು ಮತ್ತೆ ಕೇಳು.

ನಾನು ಬುದ್ಧಿ ಕಲಿತೆ ಎಂದುಕೊಳ್ಳಬೇಡ. ಈ ಕೋಣೆಯ ಎರಡನೆಯ ಕೀಲಿಕೈಯನ್ನು ಶಾಂತವ್ವನಿಗೆ ಹೇಳದೆ ನನ್ನ ಹತ್ತಿರ ಇಟ್ಟುಕೊಂಡಿದ್ದೆ. ಮೊದಲ ವಾರ ನೋಡಲು ಬಂದವಳು ಬಾಗಿಲು ತೆಗೆದು ಸೀದಾ ಒಳಗೆ ಕಾಲಿಟ್ಟೆ. ಅವಳು ಆಗ ತಾನೇ ಸ್ನಾನ ಮುಗಿಸಿ ಸೀರೆ ಉಡುತ್ತಿದ್ದಳು. ಗೋಡೆಯ ಕಡೆ ತಿರುಗಿ ನಿಂತು ಹೇಳಿದಳು: "ಅಕ್ಕಾರ, ಹೊರಗ ನಿಂತು ಕರೀರಿ. ನಾ ಬಾ ಅಂದ ಮ್ಯಾಲ ಬರ್ರಿ." ನನಗೆ ಅಪಮಾನವಾಯಿತು. ಸಾಕಿ ಸಲಹಿದವಳನ್ನು ಹೊರಗೆ ನಿಲ್ಲಿಸುತ್ತಾಳಲ್ಲ ಎಂದು ಬಸ್‌ಸ್ಟ್ಯಾಂಡಿಗೆ ಹೋಗಿ ಸಿಟ್ಟಿನಿಂದ ಚಹಾ ಕುಡಿದೆ. ಕುಡಿಯುತ್ತ ಸಂಸ್ಥೆಯ ಬಚ್ಚಲು ನೆನಪಾಯಿತು, ನಾನು ತೆಗೆಸಿದ ಚಿಲಕ ನೆನಪಾಯಿತು. ಚಹಾ ಅರ್ಧಕ್ಕೆ ಬಿಟ್ಟು ತಿರುಗಿ ಬಂದು, ಹೊರಗೆ ನಿಂತು ಕರೆದೆ. ಕೀಲಿಕೈ ಅವಳ ಕೈಗೆ ಕೊಟ್ಟೆ. ಅಷ್ಟರಲ್ಲಿ ಅವಳು ಬಿಗಿದುಹೋಗಿದ್ದ ಒಳಗಿನ ಚಿಲಕಕ್ಕೆ ಎಣ್ಣೆ ಹಾಕಿಸಿದ್ದಳು.

ಇಂದು ಹೆಸರುಕಾಳು ಆರಿಸುವಾಗ ಅವಳೇ ಅಂದಳು, "ಇವತ್ತ ಅಮಾಸಿ ಐತ್ರಿ ಅಕ್ಕಾರ. ವಸ್ತಿ ಇರ್ರಿ."

ಯಜಮಾನರಿಗೆ ಹೇಳಿಲ್ಲ, ಗುಳಿಗೆ ತಂದಿಲ್ಲ ಎಂದು ನೆಪ ತೆಗೆದೆ. ಜೈಬುನ್ನಿಯವರು ರೊಟ್ಟಿ ಕಟ್ಟುತ್ತ ಬಾಗಿಲಿಂದಲೇ ಕೂಗಿದರು, "ಇರ್ರಿ ಬಾಯಾರ, ನಿಮ್ಮ ಯಜಮಾನ್ರಿಗೆ ಒಂದ್ ದಿವ್ಸ ತಾವ ಉಣ್ಣಾಕ ಬರ್ತೈತೋ ಇಲ್ಲೋ ಪರೀಕ್ಷಾ ಆಗ್ಲಿ!" ಶಾಂತವ್ವ ಜೋರಾಗಿ ನಕ್ಕಳು. ಸಂಸ್ಥೆಯಲ್ಲಿದ್ದಾಗ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಕತ್ತಲಾದ ಮೇಲೆ ಅವಳು ಪೆಟ್ಟಿಗೆಯಿಂದ ಕೌದಿ ತೆಗೆದಳು. ಅಂಚಿಗೆ ನಾನು ಅಂಟಿಸಿದ ಚೀಟಿಯ ಗುರುತು ಇನ್ನೂ ಇತ್ತು. ಒಂದೇ ಕೈಯಿಂದ ಕೊಡವಿ, ಕಾಲಿನಿಂದ ತುದಿ ಸರಿಪಡಿಸಿ, ತನ್ನ ಹಾಸಿಗೆಯ ಬಾಜೂಕ್ಕೆ ಹಾಸಿದಳು.

"ಶಾಂತಾ, ಇದರ ಮ್ಯಾಲ ನಿಮ್ಮವ್ವ ಮಲಗಬೇಕಿತ್ತು."

"ಹೌದ್ರಿ" ಎಂದಳು. ಇರಲಿ ಬಿಡ್ರಿ ಎನ್ನುತ್ತಾಳೇನೋ ಎಂದು ನಾನು ಸ್ವಲ್ಪ ಹೊತ್ತು ಕಾದೆ. ಅನ್ನಲಿಲ್ಲ. "ಆಕೀನ ಮಲಗಬೇಕಿತ್ತು. ನೆಲಾ ತಂಪೈತಿ, ನೀವು ಮ್ಯಾಲ ಕೂಡ್ರಿ."

ಉಂಡದ್ದು: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಮೊಸರು. ಅವಳು ಮೂರು ರೊಟ್ಟಿ, ನಾನು ಎರಡು. ಬಡಿಸಿದ್ದು ಅವಳು, ಹಸಿವಾಗಿದೆ ಎಂದದ್ದೂ ಅವಳೇ. ಉಳಿದ ಒಂದು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಬಾಗಿಲಿಗೆ ಚಿಲಕ ಹಾಕಿ, ಎಳೆದು ನೋಡಿ ಬಂದಳು. ಬರೆಯುವುದಿದೆ, ಒಲೆಕಟ್ಟೆಯ ಸಣ್ಣ ದೀಪ ಇರಲಿ ಎಂದು ಕೇಳಿದೆ, ಹೂಂ ಎಂದಳು. ಶಾಂತವ್ವ ಮೊದಲು ಮಲಗಿದಳು, ಕೌದಿಯ ಅಂಚಿನ ಮೇಲೆ ಆ ಮಡಚಿದ ಕೈ ಇಟ್ಟುಕೊಂಡು. ನಾನು ಇನ್ನೂ ಕೂತಿದ್ದೇನೆ.